ಮೀನಿಲ್ಲದ ತೊಟ್ಟಿ, ಡಾಕ್ಟರ ಕೈಗುಣ

ಹಲ್ಲಿನ ಆಸ್ಪತ್ರೆಯೊಂದರ ಹಿಂದಿನ ಕೋಣೆಯಲ್ಲಿ ಕೂತು ನಗು ತಯಾರಿಸುವ ಕೆಲಸ ನನ್ನದು. ಅಚ್ಚು ತೆಗೆದು, ಮೇಣ ಕರಗಿಸಿ, ಕಂಡವರ ಬಾಯಿಗೆ ಹಲ್ಲುಸೆಟ್ಟು ಕೂರಿಸುವುದರಲ್ಲೇ ಹದಿನೆಂಟು ವರ್ಷ ಕಳೆದಿದ್ದೇನೆ. ಆದರೆ ಅದೇ ಕಟ್ಟಡದಲ್ಲಿ ಕೆಲಸ ಮಾಡುವ ಅಕ್ಕ, ತಮ್ಮ ಒಬ್ಬರಿಗೊಬ್ಬರು ಹಲ್ಲು ತೋರಿಸಿದ್ದನ್ನು ನಾನು ನೋಡಿದ್ದು ಕಚ್ಚಾಡುವಾಗ ಮಾತ್ರ.

ತಮ್ಮ ಎಂದರೆ ನಮ್ಮ ಡಾಕ್ಟರು. ಅಕ್ಕ ಎಂದರೆ ಊರಿಗೆಲ್ಲ ಅಕ್ಕ. ಅವಳಿಗೆ ಬೇರೆ ಹೆಸರಿದ್ದೀತು ಎಂದು ನನಗೆ ಹೊಳೆದದ್ದೇ ಇಲ್ಲ. ತಾಯಿ ಬೇಗ ಹೋದದ್ದರಿಂದ ತಮ್ಮನನ್ನು ಉಣಿಸಿ, ಬಯ್ದು, ಓದಿಸಿದವಳು ಅವಳೇ. ತಮ್ಮನ ಪರೀಕ್ಷೆಗಳ ನಡುವೆ ಅವಳ ಮದುವೆಯ ಮಾತು ಎತ್ತಲು ಯಾರಿಗೂ ಪುರುಸೊತ್ತಾಗಲಿಲ್ಲ. ಪರೀಕ್ಷೆಗಳು ಮುಗಿಯುವ ಹೊತ್ತಿಗೆ ಎತ್ತುವವರು ಯಾರೂ ಉಳಿದಿರಲಿಲ್ಲ. ಆಸ್ಪತ್ರೆ ತೆರೆದಾಗ ಎರಡು ತಿಂಗಳ ಮಟ್ಟಿಗೆ ಎಂದು ಬಂದು ಮುಂದಿನ ಕೌಂಟರಿನಲ್ಲಿ ಕೂತಳು. ಹತ್ತೊಂಬತ್ತು ವರ್ಷವಾಯಿತು. ರೋಗಿಗಳಿಗೆ ಸಮಯ ಕೊಡುವುದು, ಮಾತ್ರೆ ಎಣಿಸಿ ಕೊಡುವುದು, ಇಕ್ಕಳ ಚಿಮಟ ತೊಳೆದು ಆಟೋಕ್ಲೇವಿಗೆ ಹಾಕುವುದು ಎಲ್ಲ ಅವಳೇ. ಆಟೋಕ್ಲೇವ್ ಎಂದರೆ ಉಪಕರಣಗಳನ್ನು ಹಬೆಯಲ್ಲಿ ಬೇಯಿಸಿ ಕ್ರಿಮಿಗಳನ್ನು ಕೊಲ್ಲುವ ಯಂತ್ರ, ಪ್ರೆಶರ್ ಕುಕ್ಕರಿನ ದೊಡ್ಡಣ್ಣ.

ನಮ್ಮ ಡಾಕ್ಟರಿಗೆ ಕೆಲಸ ಚೆನ್ನಾಗಿ ಬರುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೆಲಸ ಬರುತ್ತದೆ ಎಂದರೆ ಅವರಿಗೆ ಸಾಲದು, ಕೈಗುಣ ಇದೆ ಎನ್ನಬೇಕು. ವಸಡಿಗೆ ಸೂಜಿ ಚುಚ್ಚಿ ಮರಗಟ್ಟುವವರೆಗಿನ ಐದು ನಿಮಿಷವನ್ನು ಅವರು ತಮ್ಮ ಕೈಗುಣದ ವರ್ಣನೆಗೆಂದೇ ಮೀಸಲಿಟ್ಟಿದ್ದಾರೆ. ರೋಗಿಯ ಬಾಯಿ ತೆರೆದೇ ಇರುವುದರಿಂದ ಎದುರು ಮಾತಿನ ಭಯವಿಲ್ಲ.

ಎರಡು ವರ್ಷದ ಹಿಂದೆ ಇದೇ ಡಾಕ್ಟರು ರೋಗಿಗಳು ಕಾಯುವ ಕೋಣೆಯಲ್ಲಿ ಗಾಜಿನ ತೊಟ್ಟಿಯೊಂದನ್ನು ಇಡಿಸಿ, ಬೆಳಿಗ್ಗೆ ನೀರು ತುಂಬಿಸಿ, ಸಂಜೆ ಇಪ್ಪತ್ತು ಮೀನು ಬಿಟ್ಟರು. ಆಮೇಲೆ ಮೇವು ಹಾಕುವ ಕೆಲಸ ಅಕ್ಕನಿಗೆ ಬಂತು. ಒಂಬತ್ತನೆಯ ದಿನಕ್ಕೆ ಇಪ್ಪತ್ತೂ ಹೊಟ್ಟೆ ಮೇಲೆ ಮಾಡಿ ತೇಲಿದವು. ಕೋಣೆಯ ತುಂಬ ರೋಗಿಗಳಿದ್ದರು. ಡಾಕ್ಟರು ಹೊರಗೆ ಬಂದು ನೋಡಿ, ಎಲ್ಲರಿಗೂ ಕೇಳುವಂತೆ, "ನಮ್ಮ ಅಕ್ಕನ ಕೈಗುಣವೇ ಹಾಗೆ. ಅವಳು ನೆಟ್ಟ ಗಿಡಾನೂ ಒಣಗುತ್ತೆ" ಅಂದರು. ನಗಲು ಹಲ್ಲಿದ್ದವರೆಲ್ಲ ನಕ್ಕರು. ಅಕ್ಕ ಕಸದ ಮೊರದಲ್ಲಿ ಮೀನುಗಳನ್ನು ತುಂಬಿಕೊಂಡು ಅವರ ಮುಂದೆಯೇ ಹಾದು ಹೋದಳು.

ಆ ಮಾತು ಅಲ್ಲಿಗೇ ಮುಗಿಯಲಿಲ್ಲ. ವಾರದೊಳಗೆ, ಕೆನ್ನೆ ಊದಿಸಿಕೊಂಡು ಬಂದಿದ್ದ ಹೆಂಗಸೊಬ್ಬಳು ಅಕ್ಕ ಕೊಟ್ಟ ಮಾತ್ರೆಯ ಪೊಟ್ಟಣವನ್ನು ಮೆಲ್ಲಗೆ ಹಿಂದಕ್ಕೆ ತಳ್ಳಿ, "ಬೇಜಾರು ಮಾಡ್ಕೋಬೇಡಿ, ಡಾಕ್ಟ್ರ ಕೈಯಿಂದಲೇ ಕೊಡಿಸ್ಬಿಡಿ" ಅಂದಳು. ಆಮೇಲೆ ಇನ್ನೊಬ್ಬರು. ಆಮೇಲೆ ಅದೇ ರೂಢಿಯಾಯಿತು. ಅಕ್ಕ ಮಾತ್ರೆ ಎಣಿಸಿ ಪೊಟ್ಟಣ ಕಟ್ಟಿ ಒಳಗೆ ಕೊಡುತ್ತಿದ್ದಳು, ಡಾಕ್ಟರು ಅದನ್ನು ಒಮ್ಮೆ ಮುಟ್ಟಿ ಹೊರಗೆ ಕೊಡುತ್ತಿದ್ದರು.

ಈ ವರ್ಷ ಕಾಯುವ ಕೋಣೆಗೆ ಹೊಸ ಬಣ್ಣ, ಹೊಸ ಕುರ್ಚಿ ಬಂದವು. ಜೊತೆಗೆ ಒಂದು ಹೊಸ ಯೋಜನೆಯೂ ಬಂತು. ಡಾಕ್ಟರ ಹೆಂಡತಿಯ ಚಿಕ್ಕಪ್ಪನ ಮಗಳು ಕೌಂಟರಿನಲ್ಲಿ ಕೂರುವುದು, ಅಕ್ಕ ಒಳಗೆ ಇಕ್ಕಳ ತೊಳೆದುಕೊಂಡಿರುವುದು. ಡಾಕ್ಟರು ಇದನ್ನು ಅಕ್ಕನಿಗೆ ವಿಶ್ರಾಂತಿ ಎಂದು ಕರೆದರು. ಅಕ್ಕ ಕೇಳಿದ್ದು ಒಂದೇ ಮಾತು.

"ಹೊಸ ಕೋಣೆಗೆ ಮೀನಿನ ತೊಟ್ಟಿ ಬರುತ್ತಾ?"

"ಬರುತ್ತೆ. ಯಾಕೆ, ಇನ್ನಿಪ್ಪತ್ತನ್ನ ಕಳಿಸ್ಬೇಕಾ?"

"ಈ ಸಲ ಶುರುವಿಂದ ಕೊನೇವರೆಗೂ ನಾನೇ ನೋಡ್ಕೋತೀನಿ. ಮೀನು ಉಳಿದ್ರೆ ಕೌಂಟರ್ ನಂದು. ಕೈಗುಣದ ಮಾತನ್ನ ನೀನು ಅವತ್ತು ಎಲ್ಲಿ ಆಡಿದ್ಯೋ ಅಲ್ಲೇ ನಿಂತು ವಾಪಸ್ ತಗೋಬೇಕು."

"ಸತ್ರೆ?"

"ಒಳಗೆ ಹೋಗ್ತೀನಿ. ಮತ್ತೆ ಬಾಯಿ ತೆರೆಯಲ್ಲ."

"ನೀನು ಬಾಯಿ ತೆರೆಯದೆ ಇರೋದಾದ್ರೆ ಮೀನು ಹೋದ್ರೂ ನಷ್ಟ ಇಲ್ಲ," ಅಂದರು ಡಾಕ್ಟರು. ಒಪ್ಪಂದವಾಯಿತು. ಸಾಕ್ಷಿ ನಾನು, ಕೈಯಲ್ಲಿ ಯಾರದೋ ಕೆಳದವಡೆ ಹಿಡಿದುಕೊಂಡು.

ಅಕ್ಕ ಮರುದಿನ ನನ್ನನ್ನು ಕರೆದುಕೊಂಡು ಮೀನಿನ ಅಂಗಡಿಗೆ ಹೋದಳು. ಅಂಗಡಿಯವನಿಗೆ ಆ ಬೀದಿಯಲ್ಲಿ ಮುಂಗೋಪಿ ಎಂದೇ ಹೆಸರು. ಗಿರಾಕಿಗೆ ಮೀನು ಕೊಡುವುದಕ್ಕಿಂತ ಕೊಡುವುದಿಲ್ಲ ಎನ್ನುವುದರಲ್ಲಿ ಅವನಿಗೆ ಹೆಚ್ಚು ಸುಖ.

ಅಕ್ಕ ಸತ್ತ ಮೀನುಗಳ ಕತೆ ಹೇಳಿದಳು. "ಮೊದಲನೇ ದಿನಾನೇ ಎಷ್ಟು ಬಿಟ್ರಿ?" ಎಂದು ಕೇಳಿದ.

"ಇಪ್ಪತ್ತು," ಅಂದಳು ಅಕ್ಕ.

"ಕಕ್ಕಸು ಕಟ್ಟಿಸದ ಮನೆಗೆ ಇಪ್ಪತ್ತು ಜನ ನೆಂಟರನ್ನ ಕರೆದು, ಹೊರಗಿಂದ ಬೀಗ ಹಾಕಿದ್ರಿ. ಸಾಯದೆ ಇನ್ನೇನು ಮಾಡ್ತಾರೆ?"

ಆಮೇಲೆ ಅವನು ಗದರುತ್ತಲೇ ವಿವರಿಸಿದ್ದು ಇಷ್ಟು. ಮೀನಿನ ಕೊಳೆಯಿಂದ ನೀರಿನಲ್ಲಿ ಅಮೋನಿಯಾ ಸೇರುತ್ತದೆ, ಅದು ವಿಷ. ಹಳೆಯ ತೊಟ್ಟಿಯಲ್ಲಿ ಒಂದು ಜಾತಿಯ ಕ್ರಿಮಿ ಅದನ್ನು ತಿಂದು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಜಾತಿ ಅದನ್ನೂ ತಿಂದು, ಮೀನು ತಾಳಿಕೊಳ್ಳಬಲ್ಲ ನೈಟ್ರೇಟ್ ಮಾಡುತ್ತದೆ. ಈ ಎರಡೂ ಜಾತಿ ಸ್ಪಂಜಿನಲ್ಲಿ, ಕಲ್ಲಿನ ಸಂದಿಯಲ್ಲಿ ಮನೆ ಮಾಡಿಕೊಳ್ಳಲು ಐದಾರು ವಾರ ಬೇಕು. ಅಲ್ಲಿಯವರೆಗೆ ತೊಟ್ಟಿಗೆ ಮೀನು ಬಿಡಬಾರದು. ಮೀನು ಕೊಡಬೇಕಾದ ಅಮೋನಿಯಾವನ್ನು ಬಾಟಲಿಯಿಂದ ನಾವೇ ಹನಿಸಿ ಕ್ರಿಮಿಗಳನ್ನು ಸಾಕಬೇಕು.

"ನೀರು ಪಳಗಬೇಕಮ್ಮಾ. ಹೊಸ ಕಾವಲಿ ಪಳಗಿಸಲ್ವಾ, ಹಾಗೆ. ಸತ್ತದ್ದು ನಿಮ್ಮ ಕೈಯಿಂದಲ್ಲ, ಆತುರದಿಂದ."

ಅಕ್ಕ ಆ ಮಾತನ್ನು ಇನ್ನೊಮ್ಮೆ ಹೇಳಿಸಿಕೊಂಡಳು. ಎರಡನೆಯ ಸಲ ಹೇಳುವಾಗ ಮುಂಗೋಪಿ ಸ್ವಲ್ಪ ಮೆತ್ತಗಾಗಿದ್ದ.

ನೂರಿಪ್ಪತ್ತು ಲೀಟರಿನ ತೊಟ್ಟಿ ಬಂತು. ಕಲ್ಲು ತೊಳೆದು ಹಾಸಿದ್ದಾಯಿತು. ಮೂಲೆಯಲ್ಲಿ ಗಾಳಿಯ ಕೊಳವೆಗೆ ಸಿಕ್ಕಿಸಿದ ಸ್ಪಂಜು ಬುಳುಬುಳು ಎನ್ನತೊಡಗಿತು. ಅಕ್ಕ ಪ್ರತಿದಿನ ಬೆಳಿಗ್ಗೆ ತೊಟ್ಟಿಯ ನೀರನ್ನು ಪುಟ್ಟ ಗಾಜಿನ ಕೊಳವೆಗಳಿಗೆ ತುಂಬಿ, ಪರೀಕ್ಷೆಯ ಹನಿ ಹಾಕಿ, ಬಣ್ಣ ನೋಡುತ್ತಿದ್ದಳು. ಅಮೋನಿಯಾ ಇದ್ದರೆ ಹಸಿರು, ಇಲ್ಲದಿದ್ದರೆ ಹಳದಿ. ನೈಟ್ರೈಟ್ ಇದ್ದರೆ ನೇರಳೆ, ಇಲ್ಲದಿದ್ದರೆ ತಿಳಿನೀಲಿ. ಮೊದಲ ಎರಡು ವಾರ ಹಸಿರು ಕದಲಲಿಲ್ಲ. ಮೂರನೆಯ ವಾರ ಹಸಿರು ತಿಳಿಯಾಗಿ ನೇರಳೆ ಏರಿತು. ಎದುರಿಗೆ ಹೊಸ ಕುರ್ಚಿಗಳಲ್ಲಿ ಕೂತ ಜನರಿಗೆ ಕಂಡದ್ದು ಮಾತ್ರ ಬರೀ ನೀರು.

ಪೂರ್ತಿ ಸೆಟ್ಟಿನ ಅಜ್ಜ ಎಂದು ನಾವು ಕರೆಯುವ ಒಬ್ಬರು ವಾರಕ್ಕೆರಡು ಸಲ ಅಳತೆಗೆ ಬರುತ್ತಿದ್ದರು. ಬಾಯಲ್ಲಿ ಒಂದೂ ಹಲ್ಲಿಲ್ಲ, ನಾಲಿಗೆಗೆ ಮಾತ್ರ ಯಾವ ಕೊರತೆಯೂ ಇಲ್ಲ.

"ಮೀನು ಎಲ್ಲಮ್ಮಾ?"

"ಬರ್ತವೆ ತಾತ."

"ಯಾವಾಗ?"

"ನಿಮ್ಮ ಹಲ್ಲು ಬಂದ ಮೇಲೆ."

"ಹಾಗಾದ್ರೆ ಮೀನೂ ಇವನ ಕೈಲೇ ಸಿಕ್ಕಿಹಾಕ್ಕೊಂಡಿವೆ," ಎಂದು ಅಜ್ಜ ನನ್ನ ಕಡೆ ಬೆರಳು ತೋರಿಸಿದರು.

ಡಾಕ್ಟರಿಗೆ ಇದೆಲ್ಲ ತಮ್ಮ ಮಾನದ ಪ್ರಶ್ನೆಯಾಯಿತು. ಒಂದು ಬೆಳಿಗ್ಗೆ ಅಕ್ಕ ಅಮೋನಿಯಾ ಹನಿಸುತ್ತಿದ್ದಾಗ ಬಂದು ಮೂಗು ಮುಚ್ಚಿಕೊಂಡು ನಿಂತರು.

"ಆ ಬಾಟ್ಲೀಲಿ ಏನು?"

"ಮೀನಿನ ಉಚ್ಚೆ ಅಂದ್ಕೋ."

"ಮೀನೇ ಇಲ್ವಲ್ಲ."

"ಅದಕ್ಕೇ ಬಾಟ್ಲಿಯಿಂದ ಹಾಕ್ತಿರೋದು."

"ಅಕ್ಕಾ, ಜನ ನಗ್ತಿದಾರೆ."

"ನಗಿಸೋದು ನಿನಗೆ ಹೊಸದೇನಲ್ಲ. ಅವತ್ತೂ ನಗಿಸಿದ್ಯಲ್ಲ."

ನಾಲ್ಕನೆಯ ವಾರದಲ್ಲಿ ಇನ್ನೊಂದು ಅನಾಹುತವಾಯಿತು. ಹಲ್ಲಿಗೆ ಟೋಪಿ, ಅಂದರೆ ಕ್ರೌನ್, ಹಾಕಿಸಿಕೊಳ್ಳಲು ಬಂದಿದ್ದ, ಕೈ ಒರೆಸಿಕೊಳ್ಳದೆ ಕುರ್ಚಿಯನ್ನೂ ಮುಟ್ಟದ ಮಹಿಳೆಯೊಬ್ಬರು, ತೊಟ್ಟಿಯಲ್ಲಿ ಏನಿದೆ ಎಂದು ನಯವಾಗಿ ಕೇಳಿದರು. ಅಕ್ಕ ಅಷ್ಟೇ ನಯವಾಗಿ, "ಕ್ರಿಮಿ ಸಾಕ್ತಿದೀನಿ. ತಿಂಗಳಾಯ್ತು, ಚೆನ್ನಾಗಿ ಬಂದಿವೆ" ಅಂದಳು. ಗೋಡೆಯ ಮೇಲೆ, ಅವಳ ತಲೆಯಿಂದ ಒಂದು ಗೇಣು ಮೇಲೆ, ಇಲ್ಲಿ ಕ್ರಿಮಿಗಳಿಗೆ ಪ್ರವೇಶವಿಲ್ಲ ಎಂದು ಡಾಕ್ಟರು ಸ್ವಂತ ಬುದ್ಧಿಯಿಂದ ಬರೆಸಿದ ಫಲಕವಿತ್ತು. ಮಹಿಳೆ ಚೀಲ ಎದೆಗವಚಿಕೊಂಡು ಹೊರಟೇಬಿಟ್ಟರು. ಅವತ್ತಿನಿಂದ ಅಕ್ಕ, ತಮ್ಮ ಇಬ್ಬರೂ ಚೀಟಿಯ ಮೂಲಕ ಮಾತಾಡತೊಡಗಿದರು. ಚೀಟಿ ಸಾಗಿಸುವವನು ನಾನು. ಒಂದು ಚೀಟಿಯಲ್ಲಿ "ಇದು ಆಸ್ಪತ್ರೆ, ಚರಂಡಿಯಲ್ಲ" ಎಂದಿತ್ತು. ಉತ್ತರದ ಚೀಟಿಯಲ್ಲಿ "ವ್ಯತ್ಯಾಸ ಗೊತ್ತಿರುವುದು ಸಂತೋಷ" ಎಂದಿತ್ತು.

ಆರನೆಯ ವಾರದ ಶುಕ್ರವಾರ ಅಕ್ಕ ನನ್ನ ಕೋಣೆಗೆ ಬಂದು ಎರಡು ಕೊಳವೆಗಳನ್ನು ಬೆಳಕಿಗೆ ಹಿಡಿದಳು. ಒಂದು ಹಳದಿ, ಒಂದು ತಿಳಿನೀಲಿ. ಹಿಂದಿನ ದಿನ ಹಾಕಿದ ಅಮೋನಿಯಾವನ್ನು ಕ್ರಿಮಿಗಳು ಒಂದೇ ದಿನದಲ್ಲಿ ನುಂಗಿ ನೀರು ಕುಡಿದಿದ್ದವು. ಅಕ್ಕ ಮೇಜಿನ ಮೇಲಿದ್ದ ನನ್ನ ಚಹಾವನ್ನು ಎತ್ತಿ ತಾನೇ ಕುಡಿದು ಹೋದಳು. ಅಷ್ಟು ಸಲಿಗೆ ನಾನು ಅವಳಲ್ಲಿ ಹಿಂದೆಂದೂ ಕಂಡಿರಲಿಲ್ಲ.

ಭಾನುವಾರ ಹೊಸ ಕೋಣೆಯ ಉದ್ಘಾಟನೆ. ಮಾಡುವವರು ಡಾಕ್ಟರ ಮಾವ, ಯಾವುದೋ ಇಲಾಖೆಯ ನಿವೃತ್ತ ಮೇಲಧಿಕಾರಿ. ಇಲಾಖೆಯೇ ಮುಚ್ಚಿಹೋಗಿದೆ, ಮೇಲಧಿಕಾರ ಮಾತ್ರ ಇನ್ನೂ ನಡೆಯುತ್ತಿದೆ. ಮೀನು ತರುವವರೂ ಅವರೇ.

ಶನಿವಾರ ಮಧ್ಯಾಹ್ನ ಅಕ್ಕ ಕನ್ನಡಕದ ಅಂಗಡಿಗೆ ಹೋಗಿದ್ದಳು. ಡಾಕ್ಟರು ಕೈಗವಸು ತೊಟ್ಟು, ತಟ್ಟೆಯಲ್ಲಿ ಕಂದು ಬಣ್ಣದ ಲೋಳೆಲೋಳೆ ಸ್ಪಂಜನ್ನು ಇಟ್ಟುಕೊಂಡು, ಹಿಂದೆ ಒಂದು ಬಕೆಟ್ ಕಲ್ಲುಗಳನ್ನು ಎಳೆದುಕೊಂಡು, ನನ್ನ ಕೋಣೆಯ ಮುಂದೆಯೇ ಆಟೋಕ್ಲೇವಿನ ಕಡೆ ನಡೆದರು.

"ಸಾರ್, ಅದನ್ನ..." ಅಂದೆ.

"ಏನು?"

"ಅಕ್ಕನ್ನ ಒಂದು ಮಾತು ಕೇಳಿದ್ರೆ..."

"ಈ ಆಸ್ಪತ್ರೆ ಯಾರದು?"

"ನಿಮ್ಮದು ಸಾರ್."

ನಾನು ಅಜ್ಜನ ಮೇಲ್ದವಡೆಗೆ ಪಾಲಿಶ್ ಹಾಕುವ ಕೆಲಸಕ್ಕೆ ಮರಳಿದೆ. ಆ ದವಡೆ ಅಷ್ಟು ಹೊಳೆಯುವುದಕ್ಕೆ ಅವತ್ತಿನ ನನ್ನ ಹೇಡಿತನವೇ ಕಾರಣ.

ಭಾನುವಾರ ಬೆಳಿಗ್ಗೆ ಅಕ್ಕ ಬಂದಾಗ ತೊಟ್ಟಿ ಫಳಫಳ ಎನ್ನುತ್ತಿತ್ತು. ಹೊಸ ನೀರು, ಬೆಂದ ಕಲ್ಲು. ಸ್ಪಂಜು ಮಾತ್ರ ಅವಳ ಕೌಂಟರಿನ ಮೇಲೆ, ಇಕ್ಕಳ ಇಡುವ ಲಕೋಟೆಯಲ್ಲಿ, ಬಾಯಿ ಅಂಟಿಸಿಕೊಂಡು, ಒಣ ಅಂಜೂರದಂತೆ ಮುದುಡಿ ಕೂತಿತ್ತು.

"ಇದನ್ನ ಬೇಯಿಸಿದ್ದು ಯಾರು?"

"ನಾನೇ," ಅಂದರು ಡಾಕ್ಟರು. ಹೊಸ ಕೋಟು, ಹೊಸ ಬೂಟು. "ನೂರ ಇಪ್ಪತ್ತೊಂದು ಡಿಗ್ರಿ, ಇಪ್ಪತ್ತು ನಿಮಿಷ. ಒಂದು ಕ್ರಿಮಿ ಉಳಿದಿದ್ರೆ ತೋರಿಸು."

"ಉಳಿದಿಲ್ಲ. ಆರು ವಾರ ಕಣೋ ಅದು."

"ಕೊಳೆ ಸಾಕೋಕೆ ಆರು ವಾರ ತಗೊಂಡವಳು ಲೋಕದಲ್ಲಿ ನೀನೊಬ್ಬಳೇ."

"ಇವತ್ತು ಮೀನು ಬಿಡಬೇಡ. ಬಿಟ್ರೆ ಸಾಯ್ತವೆ."

"ಶುರುವಾಯ್ತಾ. ಇನ್ನೂ ಬಂದೇ ಇಲ್ಲ, ಆಗಲೇ ಶಾಪ."

ಅಷ್ಟರಲ್ಲಿ ಮಾವ ಬಂದರು. ಹಿಂದೆ ಅತಿಥಿಗಳು, ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಚೀಲದಲ್ಲಿ ಹನ್ನೆರಡು ಚಿನ್ನದ ಬಣ್ಣದ ಮೀನು. ಅಕ್ಕ ಚೀಲಕ್ಕೆ ಕೈಚಾಚಿದಳು. ಅದನ್ನು ಮುಂಗೋಪಿಯ ಅಂಗಡಿಗೆ ಮುಟ್ಟಿಸುವ ಯೋಚನೆ ಇದ್ದಿರಬೇಕು. ಮಾವ ಚೀಲವನ್ನು ಎತ್ತರಕ್ಕೆ ಹಿಡಿದರು.

"ನೀನು ಮುಟ್ಟಬೇಡಮ್ಮಾ. ಹೋದ ಸಲ ಏನೋ ಆಯ್ತಂತಲ್ಲ."

ಚಾಚಿದ ಕೈಯನ್ನು ಅಕ್ಕ ನಿಧಾನವಾಗಿ ಕೆಳಗಿಳಿಸಿದಳು. ಕೌಂಟರಿಗೆ ಹೋಗಿ, ನಲ್ಲಿನೀರಿನ ಕ್ಲೋರಿನ್ ಮುರಿಯುವ ಸೀಸೆ ತಂದು, ತೊಟ್ಟಿಗೆ ಅಳೆದು ಹನಿಸಿದಳು. ಆಮೇಲೆ ಎಲ್ಲರಿಗೂ ಕೇಳುವಂತೆ ಹೇಳಿದಳು: "ಸರಿ. ನಾನು ಮುಟ್ಟಲ್ಲ. ಡಾಕ್ಟ್ರೇ ಬಿಡ್ಲಿ, ತಮ್ಮ ಕೈಯಾರೆ. ಎಲ್ರೂ ನೋಡ್ಲಿ."

ರಿಜಿಸ್ಟರಿನಲ್ಲಿ ತಾರೀಕು, ಗಂಟೆ ಬರೆದು, ಹನ್ನೆರಡು ಮೀನು, ಡಾಕ್ಟರ ಕೈಯಿಂದ ಎಂದು ಸೇರಿಸಿ ಮಾವನ ಮುಂದೆ ಹಿಡಿದಳು. ಸಹಿ ಮಾಡುವ ಅವಕಾಶ ಸಿಕ್ಕು ಎಷ್ಟೋ ವರ್ಷವಾಗಿತ್ತು. ಮಾವ ಓದದೆಯೇ ಅಡಿಗೆರೆ ಸಮೇತ ಸಹಿ ಹಾಕಿದರು. ಡಾಕ್ಟರು ಮೀನು ಬಿಟ್ಟರು. ಚಪ್ಪಾಳೆಯಾಯಿತು.

ಸೋಮವಾರ ಏನೂ ಆಗಲಿಲ್ಲ. ಡಾಕ್ಟರು ಶಿಳ್ಳೆ ಹಾಕುತ್ತ ಎರಡು ಹಲ್ಲು ಕಿತ್ತರು. ಮಂಗಳವಾರ ಮೀನುಗಳೆಲ್ಲ ಮೇಲಕ್ಕೆ ಬಂದು ಬಾಯಿ ತೆರೆದು ಮುಚ್ಚಿ ಮಾಡತೊಡಗಿದವು. ಪರೀಕ್ಷೆಯ ಕೊಳವೆ ಕಡುಹಸಿರು. ಅಕ್ಕ ಕೈಕಟ್ಟಿ ಕೂತಿದ್ದಳು. ಕೌಂಟರಿನ ಕೆಳಗೆ, ಸೀಸೆಯ ಹನಿ ಬಿದ್ದು ತಯಾರಾದ ಎರಡು ಬಕೆಟ್ ನೀರಿತ್ತು. ಮಧ್ಯಾಹ್ನದ ಊಟದ ಡಬ್ಬಿಯನ್ನು ಅವಳು ತೆರೆದಿರಲಿಲ್ಲ.

"ನೀರು ಬದಲಾಯಿಸಬಾರದಾ ಅಕ್ಕಾ?" ಅಂದೆ.

"ಬದಲಾಯಿಸಿದ್ರೆ ಉಳೀತವೆ. ಉಳಿದ್ರೆ ಅವನ ಕೈಗುಣ. ಬಿಟ್ರೆ ಸಾಯ್ತವೆ. ಸತ್ರೆ ನನ್ನ ಶಾಪ. ನೀನೇ ಹೇಳು, ಎರಡರಲ್ಲಿ ನನಗೇನಿದೆ?"

"ಮೀನಿಗೆ ಏನೋ ಇದೆ."

"ಮೀನಿನ ಪರ ವಕಾಲತ್ತು ಈಗ ಬಂತಾ? ಶನಿವಾರ ಬಾಯಿ ಎಲ್ಲಿಟ್ಟಿದ್ದೆ? ತಾತನ ದವಡೆಯೊಳಗಾ?"

ನಾನು ಒಳಗೆ ಹೋದೆ. ಸಂಜೆ ಬಾಗಿಲು ಹಾಕುವಾಗ ನೋಡಿದರೆ ಒಂದು ಬಕೆಟ್ ಕೌಂಟರಿನ ಕೆಳಗಿನಿಂದ ಈಚೆ ಬಂದು, ತೊಟ್ಟಿಯ ಕಡೆ ಮೂರು ಹೆಜ್ಜೆ ಸಾಗಿ, ಅಲ್ಲೇ ನಿಂತಿತ್ತು.

ಬುಧವಾರ ಬೆಳಿಗ್ಗೆ ಒಂದು ಮೀನು ತೇಲುತ್ತಿತ್ತು. ಐದು ಜನ ರೋಗಿಗಳಿದ್ದರು. ಪೂರ್ತಿ ಸೆಟ್ಟಿನ ಅಜ್ಜ ಹೊಸ ಹಲ್ಲು ತೊಟ್ಟು, ಅದು ಸಡಿಲ ಎಂದು ದೂರಲು ಬಂದವರು, ತೊಟ್ಟಿಗೆ ಮುಖ ಹತ್ತಿರ ತಂದು ನೋಡಿದರು. ಆಮೇಲೆ ರಿಜಿಸ್ಟರಿನಲ್ಲಿ ತಮ್ಮ ಹೆಸರು ಹುಡುಕುತ್ತಿದ್ದವರು ಭಾನುವಾರದ ಸಾಲನ್ನು ಗಟ್ಟಿಯಾಗಿ ಓದಿದರು.

"ಡಾಕ್ಟ್ರೇ ಬಿಟ್ಟದ್ದಂತೆ. ತಮ್ಮ ಕೈಯಿಂದ. ಸಹಿ ಬೇರೆ ಇದೆ."

ದವಡೆಹಲ್ಲು ಕೀಳಿಸಿಕೊಳ್ಳಲು ಬಂದಿದ್ದವನು ಕೆನ್ನೆ ಮುಟ್ಟಿ ನೋಡಿಕೊಂಡ. "ನಂದು ಇವತ್ತು ಅಷ್ಟೇನೂ ನೋಯ್ತಿಲ್ಲ," ಎಂದು ಎದ್ದ. ಅವನ ಹಿಂದೆ ಇನ್ನೊಬ್ಬ ಎದ್ದ. ಡಾಕ್ಟರು ಒಳಗಿನಿಂದ ಓಡಿ ಬಂದರು.

"ಅಕ್ಕಾ, ಸ್ವಲ್ಪ ಒಳಗೆ ಬಾ."

"ಇಲ್ಲೇ ಹೇಳು."

"ಏನಾದ್ರೂ ಮಾಡು."

"ಮಾಡ್ತೀನಿ. ಏನಾಯ್ತು ಅಂತ ಮೊದಲು ಇವರಿಗೆ ಹೇಳು."

ಡಾಕ್ಟರು ಗಂಟಲು ಸರಿಮಾಡಿಕೊಂಡರು. "ನೀರಿನ ಜೈವಿಕ ಸಮತೋಲನದಲ್ಲಿ ಒಂದು ತಾತ್ಕಾಲಿಕ..."

"ನಾವು ಆಡೋ ಮಾತಲ್ಲಿ ಹೇಳು."

"ನಾನು ಸ್ಪಂಜು ಬೇಯಿಸಿದೆ."

"ಬೇಯಿಸಿದ್ರೆ ಏನಾಗುತ್ತೆ?"

"ಅದರಲ್ಲಿ ಬೇಕಾದ ಕ್ರಿಮಿ ಇತ್ತು. ಸತ್ತುಹೋಯ್ತು."

"ಎರಡು ವರ್ಷದ ಹಿಂದಿನ ಇಪ್ಪತ್ತು?"

ಡಾಕ್ಟರು ಬಾಗಿಲ ಕಡೆ ನೋಡಿದರು. ತೊಟ್ಟಿಯಲ್ಲಿ ಇನ್ನೊಂದು ಮೀನು ಒಂದು ಪಕ್ಕಕ್ಕೆ ವಾಲಿತು. ಬಾಗಿಲ ಹತ್ತಿರ ದವಡೆಹಲ್ಲಿನವನು ಒಂದು ಕಾಲು ಹೊರಗಿಟ್ಟು ನಿಂತಿದ್ದ. ಅಕ್ಕನ ಕಣ್ಣು ಆ ವಾಲಿದ ಮೀನಿನ ಮೇಲಿತ್ತು, ಕೈ ಬಕೆಟ್ಟಿನ ಹಿಡಿಯ ಮೇಲಿತ್ತು; ಇನ್ನರ್ಧ ನಿಮಿಷ ತಡೆದಿದ್ದರೆ ಅವಳೇ ಸೋಲುತ್ತಿದ್ದಳು ಎಂದು ನನಗೆ ಖಾತ್ರಿ. ಡಾಕ್ಟರಿಗೆ ಅದು ಕಾಣಲಿಲ್ಲ.

"ಅವೂ ಹೊಸ ನೀರಿಗೇ ಸತ್ತದ್ದು," ಅಂದರು. "ಅಕ್ಕನ ಕೈಯಿಂದಲ್ಲ."

"ಕೇಳಿಸ್ಲಿಲ್ಲ," ಅಂದರು ಅಜ್ಜ. ಅವರ ಹಲ್ಲು ಸಡಿಲವಾಗಿರಬಹುದು, ಕಿವಿ ಚುರುಕಾಗಿದೆ.

"ಅಕ್ಕನ ಕೈಯಿಂದ ಅಲ್ಲ. ನಾನು ಅವತ್ತು ಹಾಗೆ ಹೇಳಬಾರದಿತ್ತು."

ಅಕ್ಕ ಬಕೆಟ್ ಎತ್ತಿ ಡಾಕ್ಟರ ಕೈಗೆ ಕೊಟ್ಟಳು.

"ನಾನಾ?"

"ಬಿಟ್ಟವರು ಯಾರೋ ಅವರು. ಮೂರರಲ್ಲೊಂದು ಪಾಲು ಹಳೇ ನೀರು ತೆಗಿ, ಇದನ್ನ ಹಾಕು. ನಿಧಾನ. ಬೆಳಿಗ್ಗೆ ಒಂದ್ಸಲ, ಸಂಜೆ ಒಂದ್ಸಲ."

"ಎಷ್ಟು ದಿನ?"

"ನೀನು ಬೇಯಿಸಿದಷ್ಟೂ ಮತ್ತೆ ಹುಟ್ಟೋವರೆಗೆ."

ನಲವತ್ತು ದಿನ ನಮ್ಮ ಡಾಕ್ಟರು ಬಿಳಿ ಕೋಟಿನಲ್ಲಿ ಬಕೆಟ್ ಹೊತ್ತರು. ಮೊದಲ ವಾರ ಅದನ್ನು ನನಗೆ ದಾಟಿಸಲು ನೋಡಿದರು. ಅವರು ಬಾಗಿಲಿಗೆ ಬಂದಾಗಲೆಲ್ಲ ನನಗೆ ಎಲ್ಲಿಲ್ಲದ ದವಡೆಗಳ ಕೆಲಸ ಒದಗುತ್ತಿತ್ತು. ಬೂಟು ಒದ್ದೆಯಾಯಿತು, ಸೊಂಟ ಹಿಡಿಯಿತು. ಕೌಂಟರಿಗೆಂದು ಬಂದ ಹೆಂಡತಿಯ ಚಿಕ್ಕಪ್ಪನ ಮಗಳು ಮೊದಲ ದಿನ ಈ ದೃಶ್ಯ ನೋಡಿ, "ಭಾವ, ಇದೂ ನನ್ನ ಕೆಲಸಾನಾ?" ಎಂದು ಕೇಳಿದಳು. ಅಕ್ಕ, "ಈಗ ಅವನದು, ಅವನ ನಂತರ ನಿಂದು" ಅಂದಳು. ಹುಡುಗಿ ಮರುದಿನ ಬರಲಿಲ್ಲ. ಅಕ್ಕ, ತಮ್ಮನ ನಡುವೆ ಮಾತು ಮರಳಿತು, ಆದರೆ ನೀರಿಗೆ ಸಂಬಂಧಪಟ್ಟದ್ದು ಮಾತ್ರ. "ಚೆಲ್ಲಿದೆ, ಒರೆಸು." "ಒರೆಸ್ತೀನಿ, ಬಾಯಿ ಮುಚ್ಚು."

ಇನ್ನೂ ಎರಡು ಮೀನು ಸತ್ತು ಒಂಬತ್ತು ಉಳಿದವು. ನಲವತ್ತನೆಯ ದಿನ ಕೊಳವೆಗಳು ಹಳದಿ, ತಿಳಿನೀಲಿ ತೋರಿಸಿದವು. ಮಾತ್ರೆಯ ಪೊಟ್ಟಣಗಳು ಕೌಂಟರಿನಿಂದಲೇ ನೇರವಾಗಿ ಜನರ ಕೈ ಸೇರತೊಡಗಿ ಅಷ್ಟು ಹೊತ್ತಿಗೆ ವಾರ ಕಳೆದಿತ್ತು. ನಾನು ಅಕ್ಕನ ಬಳಿ ನಿಂತು, "ಅಂತೂ ಕೈಗುಣದ ವಿಷಯ ಇತ್ಯರ್ಥವಾಯ್ತು" ಅಂದೆ.

"ಏನು ಇತ್ಯರ್ಥ?" ಅಕ್ಕ ಮೀನುಗಳಿಗೆ ಮೇವು ಉದುರಿಸುತ್ತ, ತಿರುಗಿ ನೋಡದೆ ಹೇಳಿದಳು. "ಮೂರು ಹೋಗಿವೆ. ಬೇಯಿಸಿದವನು ಅವನು. ನೋಡಿ ಬಾಯಿ ಮುಚ್ಕೊಂಡವನು ನೀನು. ಬಕೆಟ್ ಪಕ್ಕದಲ್ಲಿ ಇಟ್ಕೊಂಡು ಇಡೀ ಒಂದು ದಿನ ಕೂತವಳು ನಾನು. ಒಬ್ಬೊಬ್ಬರಿಗೆ ಒಂದೊಂದು."

ಅಷ್ಟರಲ್ಲಿ ಬಾಗಿಲು ತೆರೆಯಿತು. ಕೆನ್ನೆ ಹಿಡಿದುಕೊಂಡ ಯಾರೋ ಒಳಗೆ ಬಂದರು. ಅಕ್ಕ ಕೈ ಒರೆಸಿಕೊಂಡು, ಕನ್ನಡಕ ಏರಿಸಿ, ಕೌಂಟರಿನ ಕುರ್ಚಿಯಲ್ಲಿ ಕೂತು, ಯಾವ ಹಲ್ಲು ಎಂದು ಕೇಳಿದಳು.